ಅವರೆ ಎಲೆಯ ಮೇಲಿನ ಮುಖ

ಸ್ವಲ್ಪ ತಾಳಿ. ನನ್ನ ಧೋತರದ ಮೇಲೆ ಈಗಷ್ಟೇ ಒಂದು ಕಲೆ ಬಿದ್ದಿದೆ. ಅದು ಏನಾಗುತ್ತದೆ ನೋಡೋಣ. ಅಲ್ಲಿಯವರೆಗೆ ನೀವು ಎದ್ದು ಹೋಗಬಾರದು. ಯಾಕೆಂದರೆ ಈ ಕಲೆಯನ್ನು ಕಂಡಾಗ ನನಗೆ ಒಂದು ಹುಡುಗಿಯ ಮುಖ ನೆನಪಾಯಿತು. ಆ ಹುಡುಗಿಯನ್ನು ನಾನು ಜೀವಂತವಾಗಿ ನೋಡಿದವನಲ್ಲ.

ಆದದ್ದು ಇಷ್ಟೇ. ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುತ್ತ ಏನೋ ಯೋಚಿಸಿ ಗದ್ದ ಕೊಯ್ದುಕೊಂಡೆ. ಟಿಂಚರ್ ಅಯೋಡಿನ್ ಬುಡ್ಡಿಯ ಬಿರಡೆ ಬಿಗಿಯಾಗಿತ್ತು. ಹಲ್ಲಿನಿಂದ ಎಳೆದೆ. ಗದ್ದಕ್ಕೆ ಬೀಳಬೇಕಾದ ಹನಿ ತೊಡೆಯ ಮೇಲೆ ಬಿತ್ತು. ಅಗಸರ ಮನೆಯಿಂದ ನಿನ್ನೆ ಬಂದ, ಗಂಜಿ ಹಾಕಿ ಇಸ್ತ್ರಿ ಮಾಡಿದ ಧೋತರ. ಬೀಳುವಾಗ ಚಹಾದ ಬಣ್ಣವಿದ್ದ ಹನಿ, ಬಟ್ಟೆ ಮುಟ್ಟಿದ್ದೇ ತಡ ಕಡುನೀಲಿಯಾಗಿ ಹರಡಿತು. ಗಂಜಿಗೂ ಅಯೋಡಿನ್ನಿಗೂ ಇರುವ ಹಳೆಯ ಸಂಬಂಧ ಅದು. ಗಂಜಿ ಇದ್ದಲ್ಲಿ ಅಯೋಡಿನ್ ನೀಲಿಯಾಗುತ್ತದೆ, ಇಲ್ಲದಲ್ಲಿ ಹಳದಿಯಾಗಿ ಸುಮ್ಮನಿರುತ್ತದೆ. ಇಷ್ಟು ತಿಳಿದಿದ್ದರೆ ನಾನು ಹೇಳಹೊರಟ ಸಂಗತಿಗೆ ಸಾಕು. ಹೆಚ್ಚಿನ ವಿಜ್ಞಾನವನ್ನು ನಾನೂ ಅರಿತವನಲ್ಲ.

ವಿನಯದಿಂದ ಹೇಳುತ್ತಿಲ್ಲ. ಇಂಟರ್‌ಮೀಡಿಯೆಟ್ಟಿನ ಅರ್ಧದಲ್ಲಿ ಓದು ನಿಲ್ಲಿಸಿ ಹೊಸಪೇಟೆಗೆ ಬಂದವನು ನಾನು. ಹೈಸ್ಕೂಲಿನಲ್ಲಿ ಗಾಜಿನ ಸಾಮಾನು ತೊಳೆದಿಡುವ ಕೆಲಸ ಸಿಕ್ಕಿತು. ತೊಳೆದಿಡುವುದರ ಜೊತೆಗೆ ಅವು ಏತಕ್ಕೆಂದು ನೋಡತೊಡಗಿದೆ. ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ತೂಕಕ್ಕೆ ತರಿಸುತ್ತಿದ್ದ ಇಂಗ್ಲಿಷ್ ಪತ್ರಿಕೆಗಳಲ್ಲಿ ವಿಜ್ಞಾನದ ಹಾಳೆ ಬಂದರೆ, ಅಂಗಡಿಯವರು ನನಗೆಂದು ಎತ್ತಿಡುತ್ತಿದ್ದರು. ಹಾಗಾಗಿ ನನ್ನ ಜ್ಞಾನಕ್ಕೆಲ್ಲ ಒಂದು ಪಕ್ಕ ಹರಿದಿರುತ್ತಿತ್ತು, ಮೆಣಸಿನಕಾಯಿಯ ಘಾಟೂ ಇರುತ್ತಿತ್ತು. ಮಸೂರದ ಬಗ್ಗೆ ಗೊತ್ತು, ಅದರ ಸೂತ್ರ ಗೊತ್ತಿಲ್ಲ, ಯಾಕೆಂದರೆ ಸೂತ್ರವಿದ್ದ ಪುಟದಲ್ಲಿ ಯಾರಿಗೋ ಕಾಲು ಸೇರು ಜೀರಿಗೆ ಹೋಗಿತ್ತು. ಆದರೂ ಫಿಸಿಕ್ಸ್ ಮೇಷ್ಟ್ರಿಗೆ ಬಳ್ಳಾರಿಗೆ ವರ್ಗವಾಗಿ, ಮದರಾಸಿನಿಂದ ಬೇರೆಯವರು ಬರುವುದು ತಡವಾದಾಗ, ಫಿಫ್ತ್ ಫಾರಂ ಹುಡುಗರಿಗೆ ಬೆಳಕಿನ ಪಾಠ ಮಾಡಲು ಹೆಡ್‌ಮಾಸ್ತರರು ನನ್ನನ್ನೇ ನಿಲ್ಲಿಸಿದರು. ಹುಡುಗರು ನನ್ನನ್ನು ಸಣ್ಣ ಮೇಷ್ಟ್ರು ಎಂದು ಕರೆದರು. ನಾನು ಉಬ್ಬಿಹೋದೆ.

ದೊಡ್ಡ ಮೇಷ್ಟ್ರು ಎಂದರೆ ವೀರಭದ್ರಪ್ಪನವರು. ಗಿಡ, ಬಳ್ಳಿ, ಕಪ್ಪೆ, ಮಿಡತೆ ಎಲ್ಲ ಅವರ ಪಾಲು. ಹಣೆಯ ಮೇಲೆ ವಿಭೂತಿ, ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಎಲೆ. ಮಾತು ಕಡಿಮೆ. ನನ್ನನ್ನು ಎಂದೂ ಹೀಗಳೆಯಲಿಲ್ಲ. ಎರಡು ವರ್ಷ ಒಂದೇ ಮೇಜಿಗೆ ಕುಳಿತು ಬುತ್ತಿ ಉಂಡೆವು. ಅವರ ಮನೆಯಲ್ಲಿ ಅವರು, ಅವರ ಹೆಂಡತಿ ಗಂಗಮ್ಮನವರು, ಇಬ್ಬರೇ. ಒಬ್ಬಳೇ ಮಗಳು ಪಾರ್ವತಿ ಒಂಬತ್ತನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ನಾನು ಊರಿಗೆ ಬರುವ ಎರಡು ವರ್ಷ ಮೊದಲಿನ ಮಾತು. ಅದನ್ನು ಅವರು ಹೇಳಿರಲಿಲ್ಲ, ಜವಾನ ಹೇಳಿದ್ದ.

ಒಂದು ದಿನ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ. "ಸಾರ್, ಸೋಮವಾರ ನಿಮ್ಮ ಪಾಠದಾಗ ಬರೋ ಬೆಳಕು, ಬುಧವಾರ ದೊಡ್ಡ ಮೇಷ್ಟ್ರು ಪಾಠದಾಗ ಎಲಿ ಮ್ಯಾಲ ಬೀಳೋ ಬೆಳಕು, ಎರಡೂ ಒಂದನಾ?"

ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಕ್ಷಣದವರೆಗೆ ನನಗೂ ಅವು ಎರಡಾಗಿಯೇ ಇದ್ದವು. ನನ್ನ ಬೆಳಕು ಕನ್ನಡಿಗೆ ತಾಗಿ ಹಿಂತಿರುಗುತ್ತಿತ್ತು, ಪಟ್ಟಕದಲ್ಲಿ ಏಳು ಬಣ್ಣವಾಗಿ ಒಡೆಯುತ್ತಿತ್ತು, ಅಲ್ಲಿಗೆ ಮುಗಿಯಿತು. ಅವರ ಬೆಳಕು ಎಲೆಯೊಳಗೆ ಹೋಗಿ ಗಾಳಿಯನ್ನೂ ನೀರನ್ನೂ ಸೇರಿಸಿ ಹಿಟ್ಟು, ಅಂದರೆ ಗಂಜಿಯಲ್ಲಿರುವ ಸತ್ವವನ್ನೇ, ಮಾಡುತ್ತಿತ್ತು. ಪುಸ್ತಕದಲ್ಲಿ ಇದಕ್ಕೆ ಬಾಯಿ ತುಂಬುವ ಹೆಸರಿದೆ. ವೀರಭದ್ರಪ್ಪನವರು ಎಲೆಯ ಅಡಿಗೆ ಎಂದಷ್ಟೇ ಅನ್ನುತ್ತಿದ್ದರು. ಬುತ್ತಿ ಬಿಚ್ಚುವಾಗ ಹುಡುಗನ ಪ್ರಶ್ನೆ ಅವರಿಗೆ ಹೇಳಿದೆ.

"ಛಲೋ ಕೇಳ್ಯಾನ. ನಾವಿಬ್ರೂ ಕೂಡಿ ಒಂದ ಪಾಠ ಮಾಡಿಬಿಡೂನು," ಎಂದರು ಅವರು. "ನೀ ಬೆಳಕನ್ನ ಎಲಿ ಬಾಗಲದ ತನಕ ಕರ್ಕೊಂಬಾ. ಅಲ್ಲಿಂದ ಒಳಗ ನಾ ಕರ್ಕೊಂಡು ಹೋಗ್ತೀನಿ."

ಉಪಾಯ ಅವರದೇ. ಒಂದು ಅವರೆ ಬಳ್ಳಿಯನ್ನು ಎರಡು ದಿನ ಕತ್ತಲಲ್ಲಿಡುವುದು. ಕತ್ತಲಲ್ಲಿ ಎಲೆ ತನ್ನೊಳಗಿನ ಹಿಟ್ಟನ್ನು ತಾನೇ ತಿಂದು ಬರಿದಾಗುತ್ತದೆ. ಆಮೇಲೆ ಒಂದು ಎಲೆಯ ಮೇಲೆ, ಸೂರ್ಯ ಎಂಬ ಅಕ್ಷರ ಕತ್ತರಿಸಿದ ಕರಿಕಾಗದ ಅಂಟಿಸಿ ಬಿಸಿಲಿಗಿಡುವುದು. ಬೆಳಕು ಬಿದ್ದಲ್ಲಿ ಮಾತ್ರ ಹಿಟ್ಟು ಹುಟ್ಟುತ್ತದೆ. ಎಲೆಯನ್ನು ಕಿತ್ತು, ಕುದಿಸಿ, ಸ್ಪಿರಿಟ್ಟಿನಲ್ಲಿ ಅದರ ಹಸಿರನ್ನೆಲ್ಲ ಇಳಿಸಿ, ಅಯೋಡಿನ್ ಸುರಿದರೆ ಬಿಳಿ ಎಲೆಯ ಮೇಲೆ ಸೂರ್ಯ ಎಂದು ನೀಲಿಯಲ್ಲಿ ಮೂಡುತ್ತದೆ. ಸೂರ್ಯ ತನ್ನ ಹೆಸರು ತಾನೇ ಬರೆದ ಹಾಗೆ.

ಇಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನನ್ನ ಹರಿದ ಹಾಳೆಗಳಲ್ಲಿ ಒಂದರಲ್ಲಿ, ಕರಿಕಾಗದದ ಬದಲು ಫೋಟೋದ ಗಾಜಿನ ನೆಗೆಟಿವ್ ಇಟ್ಟರೆ ಎಲೆಯ ಮೇಲೆ ಮನುಷ್ಯರ ಚಿತ್ರವೇ ಬರುತ್ತದೆಂದು ಇತ್ತು. ನೆಗೆಟಿವಿನಲ್ಲಿ ಕೂದಲು ಬಿಳಿ, ಮುಖ ಕಪ್ಪು. ಬಿಳಿಯ ಮೂಲಕ ಬೆಳಕು ಹಾಯ್ದು ಎಲೆಯಲ್ಲಿ ಕೂದಲಿನ ಜಾಗ ನೀಲಿಯಾಗುತ್ತದೆ. ಮುಖದ ಕಪ್ಪು ಬೆಳಕನ್ನು ತಡೆದು ಅಲ್ಲಿ ಎಲೆ ಬಿಳಿಯಾಗಿಯೇ ಉಳಿಯುತ್ತದೆ. ಮೇಷ್ಟ್ರಿಗೆ ಹೇಳದೆ ಇದನ್ನು ಮಾಡಿ, ತರಗತಿಯ ನಡುವೆ ಅವರನ್ನು ಬೆರಗುಗೊಳಿಸಬೇಕೆಂದು ನನಗೆ ಆಸೆಯಾಯಿತು. ನನಗಾಗ ಇಪ್ಪತ್ತೆರಡು ವರ್ಷ.

ಪೇಟೆಯಲ್ಲಿ ಖಾಸಿಂ ಸಾಹೇಬರದು ಫೋಟೋ ಅಂಗಡಿ. ಅವರ ಹಿತ್ತಲಲ್ಲಿ ಒಂದು ಮರದ ಪೆಟ್ಟಿಗೆಯ ತುಂಬ, ತೆಗೆಸಿಕೊಂಡವರು ಬಂದು ಒಯ್ಯದೆ ಬಿಟ್ಟ ಚಿತ್ರಗಳ ಗಾಜುಗಳಿದ್ದವು. ಮೂರು ವರ್ಷ ಕಾದು, ಆಮೇಲೆ ಬಿಸಿನೀರಿಗೆ ಸೋಡಾ ಹಾಕಿ, ಗಾಜಿನ ಮೇಲಿನ ಪೊರೆಯನ್ನು ಕೆರೆದು ತೆಗೆದು, ಬರಿ ಗಾಜನ್ನು ಚೌಕಟ್ಟು ಹಾಕುವವರಿಗೆ ಕೊಟ್ಟುಬಿಡುವುದು ಅವರ ಪದ್ಧತಿ.

"ನಿಮ್ಮನಿ ದೇವರ ಪಟ ಐತಲ್ಲ, ಸಣ್ಣ ಮೇಷ್ಟ್ರೇ," ಎಂದರು ಸಾಹೇಬರು ಪೆಟ್ಟಿಗೆ ಕೆದಕುತ್ತ, "ಅದರ ಮುಂದಿನ ಗಾಜು ಇಲ್ಲಿಂದನ ಹೋಗಿದ್ದು. ಈ ಊರಿನ ಅರ್ಧ ಮಂದಿ ಈಗ ದೇವರ ಮುಂದ ಅಡ್ಡ ನಿಂತಾರ. ಯಾರಿಗೂ ಕಾಣಂಗಿಲ್ಲ, ಅಷ್ಟ."

ಅವರು ಒಂದು ಗಾಜನ್ನು ಎತ್ತಿ ಕೊಟ್ಟರು. "ಇದನ್ನ ಒಯ್ರಿ. ಇದನ್ನ ತೊಳೀಬೇಕಂತ ಕುಂತಾಗೆಲ್ಲ ಏನರ ಅಡ್ಡಿ. ಒಮ್ಮೆ ಸೋಡಾ ಮುಗೀತು. ಒಮ್ಮೆ ನೀರು ಚೆಲ್ಲಿ ಕೈ ಸುಡ್ತು. ನನ್ನ ಕಡಿಂದ ತೊಳಿಸ್ಕೊಳ್ಳಾಕ ಇದಕ್ಕ ಮನಸ್ಸಿಲ್ಲ ಅಂತ ಕಾಣತೈತಿ."

"ಯಾರದು ಸಾಹೇಬ್ರೆ?"

"ಲಕೋಟಿ ಮ್ಯಾಲ ಹೆಸರಿತ್ತು. ಗೆದ್ದಲಿಗೆ ಓದಾಕ ಬರತಿತ್ತೇನೋ, ಹೆಸರಷ್ಟನ್ನ ತಿಂದೈತಿ."

ಗಾಜನ್ನು ಬೆಳಕಿಗೆ ಹಿಡಿದು ನೋಡಿದೆ. ನೀವು ನೆಗೆಟಿವ್ ನೋಡಿದ್ದರೆ ಗೊತ್ತು. ಅಲ್ಲಿ ಎಲ್ಲರೂ ಒಂದೇ ಊರಿನವರ ಹಾಗೆ ಕಾಣುತ್ತಾರೆ, ಆ ಊರು ಯಾವುದೆಂದು ಕೇಳಲು ಧೈರ್ಯವಾಗುವುದಿಲ್ಲ. ಕಪ್ಪು ಮುಖ, ಬಿಳಿ ಕೂದಲು, ಬಿಳಿ ಕಣ್ಣಪಾಪೆ. ಚಿಕ್ಕ ಹುಡುಗಿ ಎಂದಷ್ಟೇ ತಿಳಿಯಿತು. ಭುಜದ ಮೇಲಿಂದ ಎದೆಗೆ ಇಳಿದ ಬಿಳಿಯ ಜಡೆ.

ಇನ್ನು ಕತ್ತಲು ಬೇಕು. ನಮ್ಮ ಶಾಲೆಯ ಬೀರುವಿನ ಬಾಗಿಲು ಮುಚ್ಚುತ್ತಿರಲಿಲ್ಲ. ನಾನಿದ್ದ ಕೋಣೆಗೆ ಹಂಚಿನ ನಡುವೆ ಬೆಳಕು ಸೋರುತ್ತಿತ್ತು. ನನಗೋ ಶುದ್ಧವಾದ ಕತ್ತಲೇ ಆಗಬೇಕೆಂಬ ಹಠ. ಸೀಮೆಎಣ್ಣೆ ಡಬ್ಬಿಯಲ್ಲಿ ಬೆಳೆಸಿದ್ದ ಅವರೆ ಬಳ್ಳಿಯನ್ನು ಹೊತ್ತು, ಹಂಪಿಯ ದಾರಿಯಲ್ಲಿರುವ ಅನಂತಶಯನಗುಡಿಗೆ ನಡೆದೆ. ಅಷ್ಟು ದೊಡ್ಡ ಗುಡಿ, ಒಳಗೆ ದೇವರಿಲ್ಲ. ಕಟ್ಟಿದ ಮೇಲೆ ದೇವರು ಬರಲು ಒಪ್ಪಲಿಲ್ಲವೆಂದು ಊರವರು ಹೇಳುತ್ತಾರೆ. ಯಾರಿಗಾಗಿಯೋ ಹಾಸಿಟ್ಟ ಹಾಸಿಗೆಯ ಹಾಗೆ ಒಳಗಿನ ಆ ಉದ್ದನೆಯ ಪೀಠ ಖಾಲಿ ಇದೆ. ಅದರ ಹಿಂದಿನ ಮೂಲೆಯಲ್ಲಿ ಹಾಡಹಗಲೂ ನನ್ನ ಕೈ ನನಗೆ ಕಾಣಲಿಲ್ಲ. ಡಬ್ಬಿ ಇಟ್ಟು, ಹಳೆಯ ಕೊಡೆಯ ಕರಿಬಟ್ಟೆಯನ್ನು ಬಳ್ಳಿಯ ಮೇಲೆ ಹೊದಿಸಿ, ಕಟ್ಟಿ ಬಂದೆ. ಹೊರಬರುವಾಗ ಹಿಂದೆ ಬಾವಲಿಗಳು ಒಂದು ಸಲ ಎದ್ದು, ಮತ್ತೆ ಕುಳಿತವು.

ಎರಡು ದಿನ ಬಿಟ್ಟು ಬೆಳಿಗ್ಗೆ ಹೋದರೆ, ಡಬ್ಬಿಯ ಮುಂದೆ ಒಂದು ನಿಂಬೆಹಣ್ಣು, ಕುಂಕುಮ, ಒಡೆದ ತೆಂಗಿನಕಾಯಿಯ ಒಂದು ಹೋಳು. ಬಾಗಿಲಲ್ಲಿ ಕುರಿ ಬಿಟ್ಟುಕೊಂಡು ಒಬ್ಬ ಮುದುಕಿ ನಿಂತಿದ್ದಳು.

"ಇದು ನಿಂದೇನಪಾ? ಯಾರೋ ಮಾಟ ಮಾಡಿಟ್ಟಾರ ಅಂತ ಓಣ್ಯಾಗ ಯಾರೂ ಈ ಕಡಿ ಸುಳಿದಿಲ್ಲ. ನಾನ ಒಂದು ನಿಂಬಿಹಣ್ಣು ಇಟ್ಟೆ."

"ಮಾಟ ಅಲ್ಲವ್ವಾ. ಹುಡುಗರಿಗೆ ಪಾಠಕ್ಕ. ಎಲಿ ಹೊಟ್ಟಿ ಖಾಲಿ ಆಗ್ಬೇಕಿತ್ತು."

"ಉಪಾಸ ಕೆಡವಿ ಪಾಠ ಹೇಳ್ತೀಯಾ? ನಮ್ಮ ಗಂಡಸರು ಅದನ್ನ ಮನ್ಯಾಗನ ಮಾಡ್ತಾರ ತಗಾ." ಅವಳು ಕುರಿಗಳ ಕಡೆ ತಿರುಗಿದಳು, ಮತ್ತೆ ನಿಂತಳು. "ಹುಷಾರು ತಮ್ಮಾ. ಉಪಾಸ ಇದ್ದೋರ ಮೈಮ್ಯಾಲ ಯಾರರ ಬರ್ತಾರ."

ಬಟ್ಟೆ ಬಿಚ್ಚದೆ ಬಳ್ಳಿ ಹೊತ್ತು ತಂದೆ. ದಾರಿಯುದ್ದಕ್ಕೂ ಸಂಡೂರಿನ ಗುಡ್ಡಗಳ ಕಡೆಯಿಂದ ಕೆಂಪು ಧೂಳು ಬೀಸುತ್ತಿತ್ತು. ನನ್ನ ತಲೆಯ ಮೇಲೆ ಆ ಕರಿಯ ಗಂಟು ನೋಡಿ ಎದುರು ಬಂದವರು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ನನಗೆ ಒಳಗೊಳಗೆ ನಗು. ಮೂಢನಂಬಿಕೆಯ ಮೇಲೆ ಒಂದು ಭಾಷಣವನ್ನೂ ಮನಸ್ಸಿನಲ್ಲೇ ಮಾಡಿ ಮುಗಿಸಿದೆ.

ಶಾಲೆಯ ಮಾಳಿಗೆಯ ಮೇಲೆ ಬಳ್ಳಿಯ ಅತ್ಯಂತ ಅಗಲವಾದ ಎಲೆಯನ್ನು ಆರಿಸಿ, ಕೆಳಗೊಂದು ಹಲಗೆ, ಮೇಲೆ ಆ ಗಾಜು, ಎರಡಕ್ಕೂ ಸೇರಿಸಿ ದಾರ. ಗಾಜಿನ ಯಾವ ಬದಿ ಎಲೆಗೆ ತಾಗಬೇಕೆಂದು ಯೋಚಿಸಿದೆ. ಒಂದು ಬದಿ ಬರಿ ಗಾಜು, ಇನ್ನೊಂದು ಬದಿಯಲ್ಲಿ ಚಿತ್ರವಿರುವ ತೆಳು ಪೊರೆ. ನಡುವೆ ಗಾಜಿನ ದಪ್ಪ ಬಂದರೆ ಬೆಳಕು ಹರಡಿ ಚಿತ್ರ ಮಸುಕಾಗುತ್ತದೆ, ಪೊರೆಯ ಬದಿ ನೇರ ಎಲೆಗೆ ಅಂಟಿದರೆ ಗೆರೆ ಗೆರೆ ಬರುತ್ತದೆ. ನನ್ನ ಫಿಸಿಕ್ಸ್ ಹಾಗೆ ಹೇಳಿತು. ಪೊರೆಯ ಬದಿಯನ್ನೇ ಎಲೆಗೆ ಒತ್ತಿ ಕಟ್ಟಿದೆ. ಹತ್ತು ಗಂಟೆಯಿಂದ ಒಂದೂವರೆಯವರೆಗೆ ಹೊಸಪೇಟೆಯ ಬಿಸಿಲು ಅದರ ಮೇಲೆ ಕುಳಿತಿತ್ತು.

ಊಟದ ನಂತರ ತರಗತಿ. ಮೊದಲು ನಾನು. ಕಿಟಕಿಯ ಸಂದಿಯಿಂದ ಬಂದ ಬಿಸಿಲಕೋಲನ್ನು ಪಟ್ಟಕದಲ್ಲಿ ಒಡೆದು ಗೋಡೆಯ ಮೇಲೆ ಏಳು ಬಣ್ಣ ಬಿಡಿಸಿದೆ. ಎಲೆಗೆ ಕೆಂಪು ಬೇಕು, ನೀಲಿ ಬೇಕು, ಹಸಿರು ಅಷ್ಟಾಗಿ ಬೇಡ, ಅದನ್ನು ತಿರುಗಿ ಕಳಿಸುತ್ತದೆ, ನಾವು ಜೀವನಪೂರ್ತಿ ನೋಡುವುದು ಎಲೆ ಬೇಡವೆಂದು ಬಿಟ್ಟದ್ದನ್ನು ಎಂದೆ. ನನಗೇ ನನ್ನ ಮಾತು ಸ್ವಲ್ಪ ವಿಚಿತ್ರವೆನಿಸಿತು.

ಆಮೇಲೆ ಕಿತ್ತು ತಂದ ಎಲೆಯನ್ನು ಮೇಷ್ಟ್ರ ಕೈಗೆ ಕೊಟ್ಟೆ. ಕರಿಕಾಗದವನ್ನು ನಾನೇ ಮಾಳಿಗೆಯ ಮೇಲೆ ಬಿಚ್ಚಿ ಬಂದೆನೆಂದು ಅವರು ತಿಳಿದರು. ಕುದಿನೀರಿನಲ್ಲಿ ಅದ್ದಿದರು. ಬೆಂಕಿಯಿಂದ ದೂರ ಬಿಸಿನೀರಿನ ಪಾತ್ರೆಯೊಳಗೆ ಸ್ಪಿರಿಟ್ಟಿನ ಲೋಟ ಇಟ್ಟು, ಎಲೆಯನ್ನು ಅದರಲ್ಲಿ ಬಿಟ್ಟರು. ಹಸಿರು ನಿಧಾನವಾಗಿ ಎಲೆಯಿಂದ ಇಳಿದು ಸ್ಪಿರಿಟ್ಟಿಗೆ ಬಂತು. ಕೋಣೆಯ ತುಂಬ ಆಸ್ಪತ್ರೆಯ ವಾಸನೆ. ಚಿಮಟದಲ್ಲಿ ಹಿಡಿದೆತ್ತಿದಾಗ ಎಲೆ ನೀರಲ್ಲಿ ಬಹಳ ಹೊತ್ತು ಇದ್ದವರ ಅಂಗೈಯ ಹಾಗೆ ಬೆಳ್ಳಗಿತ್ತು. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಹರಡಿ ಅವರು ಅಯೋಡಿನ್ ಸುರಿದರು.

ಮೊದಲು ಜಡೆ ಬಂತು.

ಬಿಳಿಯ ಮೇಲೆ ನೀಲಿಯ ಒಂದು ಎಳೆ, ಅದು ಹೆಣೆದುಕೊಳ್ಳುತ್ತ ಮೇಲೇರಿ ತಲೆಗೂದಲಾಯಿತು. ಬೈತಲೆ. ಹುಬ್ಬು. ಆಮೇಲೆ ಎರಡು ಕಣ್ಣು ಒಂದೊಂದಾಗಿ ಬಂದವು, ಯಾರೋ ಒಳಗಿನಿಂದ ಬಾಗಿಲ ಸಂದಿಗೆ ಬಂದು ನಿಂತ ಹಾಗೆ. ಎಲೆಯ ನರಗಳು ಆ ಮುಖದ ಮೇಲೆ ಗೆರೆಗಳಾಗಿ ಹಾಯ್ದಿದ್ದವು. ಮುಂದಿನ ಬೆಂಚಿನವರು ಹಿಂದೆ ಸರಿದರು.

ನಾನು ಮೇಷ್ಟ್ರ ಬೆರಗನ್ನು ನೋಡಲು ಕಾಯುತ್ತಿದ್ದೆ. ಅವರು ಬುಡ್ಡಿ ಹಿಡಿದ ಹಾಗೆಯೇ ಇನ್ನೊಂದು ಕೈಯಿಂದ ತಟ್ಟೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಸಾರ್, ಇದು ಯಾರು?" ಎಂದ ಒಬ್ಬ ಹುಡುಗ.

"ಬೆಳಕು ಬೀಳದ ಜಾಗ," ಎಂದರು ಮೇಷ್ಟ್ರು. ಬುಡ್ಡಿಯನ್ನು ಕೆಳಗಿಟ್ಟರು. "ಬೆಳಕು ಬಿದ್ದ ಕಡಿ ಅಡಿಗಿ ಆಗೇತಿ. ಬೀಳದ ಕಡಿ ಇಲ್ಲ. ಬರ್ಕೊಳ್ರಿ."

ಹುಡುಗರು ಬರೆದುಕೊಂಡರು. ಗಂಟೆ ಹೊಡೆಯುವವರೆಗೆ ಅವರು ಪಾಠ ಮಾಡಿದರು, ಒಂದು ತಪ್ಪಿಲ್ಲದೆ.

ಹುಡುಗರು ಹೋದ ಮೇಲೆ ಬಾಗಿಲು ಹಾಕಿ, ನನ್ನ ಕಡೆ ತಿರುಗದೆ ಕೇಳಿದರು. "ಗಾಜು ಎಲ್ಲೈತಿ?"

ಮಾಳಿಗೆಯಿಂದ ತಂದುಕೊಟ್ಟೆ. ಆಗಲೇ ನಾನೂ ಅದನ್ನು ಸರಿಯಾಗಿ ನೋಡಿದ್ದು. ಪೊರೆ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕಾಗಿ, ಅರ್ಧ ಕರಗಿ, ಒಂದು ಕಡೆ ಹರಿದು ಜೋತಿತ್ತು. ಗಾಜಿನಲ್ಲಿ ಮುಖವೇ ಇರಲಿಲ್ಲ.

"ಯಾವ ಬದಿ ಎಲಿಗೆ ಹಚ್ಚಿದ್ದಿ?"

"ಪೊರೆ ಇರೋ ಬದಿ. ಗೆರಿ ಛಂದ ಬರ್ಲಿ ಅಂತ."

"ಎಲಿ ಬೆವರ್ತೈತಲ್ಲೋ." ಅವರ ದನಿ ಏರಲಿಲ್ಲ. "ಬಿಸಿಲಾಗ ಇಟ್ರ ಎಲಿ ಬೆವರ್ತೈತಿ. ಆ ಬೆವರಿಗೆ, ಆ ಕಾವಿಗೆ ಇದು ನೆನದು ಕರಗೇತಿ. ಎರಡು ವರ್ಷ ನನ್ನ ಬಾಜುಕ್ಕ ಕುಂತು ಉಂಡಿ. ಅಷ್ಟು ನನ್ನ ಕೇಳಬಾರದಾ?"

ಬೆಳಕನ್ನು ಎಲೆಯ ಬಾಗಿಲವರೆಗೆ ಕರೆತಂದಿದ್ದೆ. ಬಾಗಿಲ ಆಚೆ ಯಾರಿದ್ದಾರೆಂದು ಕೇಳಿರಲಿಲ್ಲ.

ಆಮೇಲೆ ಅವರು ಹೇಳಿದರು. ಫೋಟೋ ತೆಗೆಸಿದರೆ ಮಕ್ಕಳ ಆಯುಷ್ಯ ಕಡಿಮೆಯಾಗುತ್ತದೆಂದು ಗಂಗಮ್ಮನವರಿಗೆ ಭಯ. ಬೇಡವೇ ಬೇಡವೆಂದು ಆಣೆ ಹಾಕಿಸಿದ್ದರಂತೆ. ವಿಜ್ಞಾನದ ಮೇಷ್ಟ್ರು ಅದಕ್ಕೆ ಒಪ್ಪಲು ಸಾಧ್ಯವೇ? ಒಂದು ದಿನ ಗುಟ್ಟಾಗಿ ಮಗಳನ್ನು ಖಾಸಿಂ ಸಾಹೇಬರಲ್ಲಿಗೆ ಕರೆದೊಯ್ದರು. ಚಿತ್ರ ಸಿದ್ಧವಾಗುವ ಮೊದಲೇ ಹುಡುಗಿಗೆ ಜ್ವರ ಬಂತು. ಹದಿನೆಂಟು ದಿನ.

"ಮೂಢನಂಬಿಕಿ ಅಂತ ಪಾಠ ಮಾಡೋ ಮನಷಾ ನಾನು," ಎಂದರು. "ಆದ್ರ ಚಿತ್ರ ತರಾಕ ಹೋಗಲಿಲ್ಲ. ಆ ಓಣಿ ಬಿಟ್ಟು ಸುತ್ತು ಹಾಕ್ಕೊಂಡು ಸಾಲಿಗೆ ಬರ್ತೀನಿ, ನಾಕು ವರ್ಷಾತು."

ನಾನು ಓಡಿದೆ. ಸಾಹೇಬರನ್ನು ಬೇರೆ ಪ್ರತಿ ಇದೆಯೇ ಎಂದು ಕೇಳಿದೆ. ಒಂದು ಪ್ರತಿ ತೆಗೆದಿದ್ದರಂತೆ, ಲಕೋಟೆಯ ಮೇಲಿನ ಹೆಸರಿನ ಜೊತೆಗೆ ಅದನ್ನೂ ಗೆದ್ದಲು ತಿಂದಿತ್ತು. ಮರಳಿ ಬಂದಾಗ ಮೇಷ್ಟ್ರು ಅದೇ ಸ್ಟೂಲಿನ ಮೇಲೆ ಕುಳಿತಿದ್ದರು, ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ.

ಅಂದರೆ ಭೂಮಿಯ ಮೇಲೆ ಆ ಹುಡುಗಿಯ ಮುಖ ಉಳಿದಿದ್ದು ಒಂದು ಅವರೆ ಎಲೆಯಲ್ಲಿ. ಅದೂ ಎಷ್ಟು ಹೊತ್ತು? ಅಯೋಡಿನ್ನಿನ ನೀಲಿ ನಿಲ್ಲುವ ಬಣ್ಣವಲ್ಲ. ನಾಳೆಗೆ ಮಾಸುತ್ತದೆ, ನಾಡಿದ್ದಿಗೆ ಹೋಗುತ್ತದೆ. ಗಂಗಮ್ಮನವರಿಗೆ ತೋರಿಸುವುದಾದರೆ ಇವತ್ತೇ ತೋರಿಸಬೇಕು. ತೋರಿಸಿದರೆ ಗುಟ್ಟಾಗಿ ಫೋಟೋ ತೆಗೆಸಿದ್ದನ್ನೂ ಹೇಳಬೇಕು. ಮಗಳನ್ನು ಕೊಂದವರು ನೀವೇ ಎಂದು ಅವರು ಒಮ್ಮೆ ಅಂದುಬಿಟ್ಟರೆ, ಆ ಮಾತಿನ ಜೊತೆ ಆ ಮನೆಯಲ್ಲಿ ಬದುಕಬೇಕಾದವರು ಅವರಿಬ್ಬರೇ.

"ನೀನೂ ಬಾ," ಎಂದರು ಮೇಷ್ಟ್ರು.

ಬಿಸಿಲು ಇನ್ನೂ ಇತ್ತು. ತಟ್ಟೆಯನ್ನು ನಾನು ಹಿಡಿದಿದ್ದೆ. ಅವರು ಫೋಟೋ ಅಂಗಡಿಯ ಓಣಿಯಲ್ಲೇ ನಡೆದರು, ಸುತ್ತು ಹಾಕದೆ. ಗಂಗಮ್ಮನವರು ಪಡಸಾಲೆಯಲ್ಲಿ ಕುಳಿತು, ತವರೂರು ಕಂಪ್ಲಿಯಿಂದ ಬಂದ ಅಕ್ಕಿಯನ್ನು ಮೊರದಲ್ಲಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.

"ಬಾ ತಮ್ಮಾ, ಕುಂದ್ರು. ಏನದು ಮುಚ್ಚಿಟ್ಕೊಂಡು ಬಂದಿ? ಮತ್ತ ನನ್ನ ಅಡಿಗಿಮನಿ ಗಂಜಿಗೆ ಔಷಧಿ ಹಾಕಿ ನೀಲಿ ಮಾಡಾಕ ಬಂದ್ರೇನು ಇಬ್ರೂ?"

ಮೇಷ್ಟ್ರು ಮೇಲಿನ ತಟ್ಟೆ ತೆಗೆದರು.

ಗಂಗಮ್ಮನವರು ಬಗ್ಗಿ ನೋಡಿದರು. ಕೈಯಲ್ಲಿದ್ದ ಕಲ್ಲು ಮೊರದೊಳಗೆ ಮತ್ತೆ ಬಿತ್ತು. ಹೊರಗೆ ಯಾರದೋ ಗಾಡಿ ಹೋಯಿತು, ಅದರ ಸದ್ದು ಪೂರಾ ಮುಗಿಯಿತು.

"ಜಡಿ ನಾನ ಹಾಕಿದ್ದು," ಎಂದರು. "ಆವತ್ತು ಬಿಗಿ ಆತು ಅಂತ ಅತ್ತಿದ್ಲು."

"ನಾನ ಕರ್ಕೊಂಡು ಹೋಗಿದ್ದೆ. ನಿನಗ ಹೇಳಲಿಲ್ಲ," ಎಂದರು ಮೇಷ್ಟ್ರು ಗೋಡೆಗೆ ಹೇಳುವ ಹಾಗೆ.

"ಗೊತ್ತೈತ್ರಿ."

ಮೇಷ್ಟ್ರು ತಿರುಗಿದರು.

"ಮಾರಿ ತುಂಬ ಫೋಟೋ ಅಂಗಡಿ ಪೌಡರ್ ಹಚ್ಕೊಂಡು ಬಂದ ಮಗಳು ಎಲ್ಲಿಗೆ ಹೋಗಿದ್ಲು ಅಂತ ತಾಯಿಗೆ ತಿಳಿಯಂಗಿಲ್ಲೇನು? ಕೇಳಿದೆ, ಹೇಳಿದ್ಲು. ಅಪ್ಪಗ ಹೇಳಬ್ಯಾಡವ್ವ, ಅಪ್ಪ ಸಣ್ಣ ಮಾರಿ ಮಾಡ್ಕೊಂತಾನ ಅಂದ್ಲು. ನಾ ಹೇಳಲಿಲ್ಲ."

"ಹೋದ ಮ್ಯಾಲ?" ಎಂದರು ಮೇಷ್ಟ್ರು. "ಹೋದ ಮ್ಯಾಲ ನಿನಗ ಅನಿಸಲಿಲ್ಲೇನು, ಅದಕ್ಕ..."

"ಅನಿಸ್ತು. ಸುಳ್ಳ್ಯಾಕ ಹೇಳ್ಲಿ. ಒಂದು ವರ್ಷ ಅದ ಅನಿಸ್ತು. ಆಮ್ಯಾಲ ಚಿತ್ರ ಒಂದರ ಐತಲ್ಲ, ತರ್ತಾರ ಅಂತ ಕುಂತೆ. ಇವತ್ತು ತರ್ತೀರಿ, ನಾಳಿ ತರ್ತೀರಿ. ನಾನ ಕೇಳಿದ್ರ ನನಗ ಗೊತ್ತೈತಿ ಅಂತ ನಿಮಗ ತಿಳೀತಿತ್ತು. ಮಗಳಿಗೆ ಮಾತು ಕೊಟ್ಟಿದ್ದೆ."

ಗಂಗಮ್ಮನವರು ಎಲೆಯನ್ನು ಬೆರಳಿನಿಂದ ಮುಟ್ಟಹೋಗಿ ಕೈ ಹಿಂತೆಗೆದು, ನರಗಳ ಗೆರೆಯನ್ನು ಗಾಳಿಯಲ್ಲೇ ಸವರಿದರು.

"ಮಾರಿ ಮ್ಯಾಲ ಇವೇನು ಗೆರಿ ತಮ್ಮಾ, ಮುದುಕಿ ಆದಂಗ? ಇದ್ದಿದ್ರ ನನ್ನ ವಯಸ್ಸಿಗೆ ಹಿಂಗ ಕಾಣ್ತಿದ್ಲೇನು?"

ಎಲೆಯ ನರಗಳು ಎಂದೆ. ಬಣ್ಣ ನಿಲ್ಲುವುದಿಲ್ಲ ಎಂಬುದನ್ನೂ ಹೇಳಿದೆ. ಗಾಜು ಹಾಳಾದದ್ದು ನನ್ನ ತಪ್ಪಿನಿಂದ ಎಂಬುದನ್ನೂ. ಅವರು ಬಯ್ಯಲಿಲ್ಲ. "ಇದನ್ನ ಬರ್ದದ್ದು ಬಿಸಿಲಾ?" ಎಂದು ಕೇಳಿದರು. ಹೌದೆಂದೆ. "ಯಾವತ್ತಿನ ಬಿಸಿಲು?" ಇವತ್ತಿನದು, ಬೆಳಿಗ್ಗೆ ಹತ್ತರಿಂದ ಒಂದೂವರೆಯವರೆಗಿನದು ಎಂದೆ. ಅವರು ಹೊರಗೆ ಅಂಗಳದ ಕಡೆ ನೋಡಿದರು. "ಇವತ್ತು ಬೆಳಿಗ್ಗೆ ನಾ ಆ ಬಿಸಿಲಾಗ ಹಪ್ಪಳ ಒಣಗಿಸೀನಿ," ಎಂದರು.

ಬಣ್ಣ ಹೋದರೂ ಹಿಟ್ಟು ಎಲೆಯಲ್ಲೇ ಇರುತ್ತದೆ, ಮತ್ತೆ ಅಯೋಡಿನ್ ಹಾಕಿದರೆ ಮತ್ತೆ ಬರಬಹುದು ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ಎಲೆಯನ್ನು ಶಾಯಿ ಹೀರುವ ಎರಡು ಒತ್ತುಕಾಗದದ ನಡುವೆ ಒಣಗಿಸಿ ಇಟ್ಟೆವು. ಮೂರನೆಯ ದಿನಕ್ಕೆ ಅದು ಬರಿಯ ಬಿಳಿ ಎಲೆ.

ಆಮೇಲಿನ ಒಂದು ವರ್ಷದಲ್ಲಿ ನಾಲ್ಕು ಸಲ ಗಂಗಮ್ಮನವರು ನನಗೆ ಹೇಳಿ ಕಳಿಸಿದರು. ಯಾವಾಗಲೂ ಹಗಲು ಹೊತ್ತು, ಪಡಸಾಲೆಯಲ್ಲೇ. ನಾನು ಹನಿ ಹಾಕುತ್ತಿದ್ದೆ, ಜಡೆ ಮೊದಲು ಬರುತ್ತಿತ್ತು, ಕಣ್ಣು ಕಡೆಗೆ. ಪ್ರತಿ ಸಲವೂ ಅವಳು ಸ್ವಲ್ಪ ತಡಮಾಡಿ ಬರುತ್ತಿದ್ದಳು, ದೂರದಿಂದ ನಡೆದು ಬಂದವರ ಹಾಗೆ. ಎರಡನೆಯ ಸಲ ಎಲೆಯ ಅಂಚು ಒಡೆಯಿತು. ನಾಲ್ಕನೆಯ ಸಲ ಅದು ನಡುನರದ ಗುಂಟ ಎರಡಾಯಿತು. ಒಂದೊಂದು ಹೋಳಿನಲ್ಲಿ ಒಂದೊಂದು ಕಣ್ಣು. ನಾನು ಕೈ ತೆಗೆದು ಕುಳಿತೆ.

"ಸಾಕು ತಮ್ಮಾ," ಎಂದರು ಗಂಗಮ್ಮನವರು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. "ಇನ್ನ ಹನಿ ಹಾಕಬ್ಯಾಡ. ಈಗ ಕಣ್ಣು ಮುಚ್ಚಿದ್ರ ಬರ್ತಾಳ. ಮೊದಲು ಬರ್ತಿರಲಿಲ್ಲ. ಕೈ ನೆನಪಿತ್ತು, ಜಡಿ ನೆನಪಿತ್ತು, ಜ್ವರದಾಗ ನನ್ನ ಕೈಯಾಗ ಎರಡು ಚಮಚ ಗಂಜಿ ಕುಡದದ್ದು ನೆನಪಿತ್ತು. ಮಾರಿ ಮಾತ್ರ ಹೋಗಿಬಿಟ್ಟಿತ್ತು. ಹೆತ್ತಾಕಿ ಮರ್ತೀನಿ ಅಂತ ಯಾರ ಮುಂದ ಹೇಳ್ಲಿ?"

ಮೇಷ್ಟ್ರು ಒಳಗೆ ಬಂದು ಅವರ ಪಕ್ಕ ನೆಲದ ಮೇಲೆ ಕುಳಿತರು. "ನಾನೂ," ಎಂದರು. ಅಷ್ಟೇ.

ಎಲೆಯ ಹೋಳುಗಳನ್ನು ಗಂಗಮ್ಮನವರು ಹಿತ್ತಲಿನ ಅವರೆ ಬಳ್ಳಿಯ ಬುಡದಲ್ಲಿ ಮಣ್ಣು ಕೆದಕಿ ಮುಚ್ಚಿದರು. ಆ ಚಳಿಗಾಲ ಆ ಬಳ್ಳಿಯ ಕಾಯಿ ಸುಲಿದು ಸಾರು ಮಾಡಿ ನನಗೂ ಬಡಿಸಿದರು. ಮೂವರೂ ಉಂಡೆವು. ಸಾರು ರುಚಿಯಾಗಿತ್ತು. ಯಾರೂ ಹಾಗೆಂದು ಹೇಳಲಿಲ್ಲ.

ಮರುವರ್ಷ ಮದರಾಸಿನಿಂದ ಫಿಸಿಕ್ಸಿಗೆ ಪದವೀಧರರು ಬಂದರು, ನಾನು ಗಾಜು ತೊಳೆಯಲು ಮರಳಿದೆ. ಅದಕ್ಕೆ ಬೇಸರವಿಲ್ಲ. ಆದರೆ ಅಂದಿನಿಂದ ಒಂದು ಅಭ್ಯಾಸ ಅಂಟಿಕೊಂಡಿದೆ. ಹಂಪಿಗೆ ಹೋದಾಗ, ಮುರಿದ ಮೂರ್ತಿಯ ನೆರಳು ಪಕ್ಕದ ಗಿಡದ ಮೇಲೆ ಬಿದ್ದಿದ್ದರೆ ನಿಂತುಬಿಡುತ್ತೇನೆ. ನೆರಳು ಕದಲುತ್ತದೆ, ಸರಿ. ಆದರೂ ಸಂಜೆಯ ಹೊತ್ತಿಗೆ ಆ ಎಲೆಗಳಲ್ಲಿ ಎಲ್ಲೋ ಒಂದು ಕಡೆ ಬಿಸಿಲು ಕಡಿಮೆ ಉಂಡ ಜಾಗವಿರುತ್ತದೆ, ಅದಕ್ಕೆ ಒಂದು ಆಕಾರವಿರುತ್ತದೆ. ಕತ್ತಲಾದ ಮೇಲೆ ಎಲೆ ತನ್ನ ಹಿಟ್ಟನ್ನು ತಾನೇ ತಿಂದು ಅದನ್ನು ಅಳಿಸಿಕೊಳ್ಳುತ್ತದೆ. ಇಡೀ ಕಾಡು ದಿನವೂ ಹೀಗೆ ನೋಡಿ, ಹೀಗೆ ಮರೆಯುತ್ತದೆ.

ತಾಳಿ ಎಂದಿದ್ದೆನಲ್ಲ. ಈಗ ಧೋತರ ನೋಡಿದೆ. ನೀಲಿ ಹೆಚ್ಚುಕಡಿಮೆ ಹೋಗಿದೆ. ಎಲ್ಲಿ ಬಿದ್ದಿತ್ತೆಂದು ಬಲ್ಲ ನನಗೆ ಮಾತ್ರ ಒಂದಿಷ್ಟು ಮಬ್ಬು ಕಾಣುತ್ತಿದೆ.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲಿ ಹಳೆಯ ದೇವರ ಪಟವಿದ್ದರೆ, ನಾಳೆ ಬೆಳಿಗ್ಗೆ ಅದನ್ನು ಗೋಡೆಯಿಂದ ಇಳಿಸಿ, ಗಾಜನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಸರಿಯಾಗಿ ಕೆರೆಯದ ಒಂದು ಜಡೆಯೋ, ಒಂದು ಕಿವಿಯೋ, ಯಾವುದಾದರೂ ಮೂಲೆಯಲ್ಲಿ ಉಳಿದಿರಬಹುದು. ಕಂಡರೆ ನನಗೆ ಬರೆದು ತಿಳಿಸಿ. ಯಾರೆಂದು ಗುರುತು ಸಿಕ್ಕರೆ, ಮೊದಲು ಅವರ ಮನೆಯವರಿಗೆ ತಿಳಿಸಿ.